ಕಾಣೆಯಾದ ಮಗುವೆಂಬ ತಪ್ಪು ಗುರುತಿಸುವಿಕೆ

ಒಂದು ಕುಟುಂಬದ ಸ್ವಂತ ಮಗುವನ್ನು ಬೇರೆಲ್ಲಿಂದಲೋ ಕದ್ದು ತಂದ ಮಗುವೆಂದು, ಅಥವಾ ಕಾಣೆಯಾಗಿರುವ ಬೇರೊಂದು ಮಗುವೆಂದು ಇತರರು ಭಾವಿಸುವುದನ್ನು ಕಾಣೆಯಾದ ಮಗುವೆಂಬ ತಪ್ಪು ಗುರುತಿಸುವಿಕೆ ಎನ್ನಬಹುದು. ಹೀಗೆ ಭಾವಿಸುವವರು ದಾರಿಹೋಕರಿರಬಹುದು, ಪೊಲೀಸರಿರಬಹುದು, ಮಗುವನ್ನು ಕಳೆದುಕೊಂಡು ಹುಡುಕುತ್ತಿರುವ ಇನ್ನೊಂದು ಕುಟುಂಬದವರೇ ಇರಬಹುದು. ಇದರ ಪರಿಣಾಮವಾಗಿ ಮಗುವನ್ನು ಹೆತ್ತವರಿಂದ ಬೇರ್ಪಡಿಸಿದ, ಹೆತ್ತವರನ್ನು ಠಾಣೆಗೆ ಕರೆದೊಯ್ದ, ಗುಂಪು ಸೇರಿ ಹೊಡೆದ ಪ್ರಕರಣಗಳು ಭಾರತದಲ್ಲಿಯೂ ಹೊರದೇಶಗಳಲ್ಲಿಯೂ ನಡೆದಿವೆ. ಅಪರಾಧವನ್ನು ಸಾಬೀತುಪಡಿಸುವ ಹೊಣೆ ಆರೋಪಿಸಿದವರದು ಎಂಬ ಸಾಮಾನ್ಯ ನ್ಯಾಯ ಇಲ್ಲಿ ತಲೆಕೆಳಗಾಗುತ್ತದೆ. 'ಇದು ನನ್ನ ಮಗು' ಎಂದು ತಾಯಿಯೇ ರುಜುವಾತು ಕೊಡಬೇಕಾಗಿ ಬರುವುದು ಈ ತಪ್ಪಿನ ಮುಖ್ಯ ಲಕ್ಷಣ.

'ಮಕ್ಕಳ ಕಳ್ಳರ' ವದಂತಿಯೂ ಇದೂ ಒಂದೇ ಅಲ್ಲ. ವದಂತಿಯಲ್ಲಿ ಮಗುವೇ ಇಲ್ಲದ ಅಪರಿಚಿತನೂ ಸಂಶಯಕ್ಕೆ ಗುರಿಯಾಗುತ್ತಾನೆ. ಇಲ್ಲಿಯಾದರೋ ಜೊತೆಯಲ್ಲಿರುವ ಮಗುವೇ ಸಂಶಯಕ್ಕೆ ಕಾರಣ. ಆದರೆ ವದಂತಿ ಹಬ್ಬಿದ ದಿನಗಳಲ್ಲಿ ಇವೆರಡರ ನಡುವಿನ ಗೆರೆ ಬೇಗ ಅಳಿಸಿಹೋಗುತ್ತದೆ.

ತಪ್ಪು ಹುಟ್ಟುವ ಬಗೆ

ಹೆಚ್ಚಿನ ಪ್ರಕರಣಗಳಲ್ಲಿ ಸಂಶಯದ ಮೊದಲ ಆಧಾರ ಮೈಬಣ್ಣ. ಕಪ್ಪು ಮೈಬಣ್ಣದ, ಹರಿದ ಬಟ್ಟೆಯ ಹೆಂಗಸಿನ ಮಡಿಲಲ್ಲಿ ಬೆಳ್ಳಗಿನ ಮಗುವಿದ್ದರೆ ಅದು ಅವಳದಲ್ಲವೆಂದು ನೋಡಿದವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನಕ್ಕೆ ಶಾಸ್ತ್ರದ ಬಲವಿಲ್ಲ. ಮೈಬಣ್ಣವನ್ನು ನಿರ್ಧರಿಸುವ ವಂಶವಾಹಿಗಳು ಒಂದೆರಡಲ್ಲ, ಹಲವು. ತಂದೆತಾಯಿಗಳಲ್ಲಿ ಹೊರಗೆ ತೋರದ ಲಕ್ಷಣ ಮಗುವಿನಲ್ಲಿ ತೋರುವುದು ಸಹಜ. ಒಂದೇ ತಾಯಿಯ ನಾಲ್ಕು ಮಕ್ಕಳು ನಾಲ್ಕು ಬಣ್ಣದವರಾಗಿರುವುದನ್ನು ನಮ್ಮ ಊರುಗಳಲ್ಲಿ ಯಾರೂ ವಿಚಿತ್ರವೆಂದುಕೊಳ್ಳುವುದಿಲ್ಲ. ಅದೇ ಮಕ್ಕಳು ರೈಲು ನಿಲ್ದಾಣದಲ್ಲಿ ಕುಳಿತಾಗ ಮಾತ್ರ ವಿಚಿತ್ರವಾಗಿ ಕಾಣುತ್ತಾರೆ.

ಕೂದಲೂ ಹೀಗೆಯೇ ಮೋಸಮಾಡುತ್ತದೆ. ಸಸಾರಜನಕದ ಕೊರತೆಯಿಂದ ಬಳಲುವ ಮಕ್ಕಳ ಕೂದಲು ಕೆಂಚಾಗಿ, ಬಣ್ಣಗೆಟ್ಟು ಕಾಣುತ್ತದೆ. ಬಿಸಿಲಲ್ಲಿಯೇ ದಿನ ಕಳೆಯುವ ಮಕ್ಕಳ ಕೂದಲೂ ತಿಳಿಬಣ್ಣಕ್ಕೆ ತಿರುಗುತ್ತದೆ. ಹಸಿವಿನ ಗುರುತನ್ನು ಶ್ರೀಮಂತ ಮನೆತನದ ಗುರುತೆಂದು ಓದಿದಂತಾಗುತ್ತದೆ ಇದು. ಹುಟ್ಟಿನಿಂದಲೇ ಮೈಯಲ್ಲಿ ವರ್ಣದ್ರವ್ಯ ಇಲ್ಲದಿರುವ ಆಲ್ಬಿನಿಸಂ ಎಂಬ ಸ್ಥಿತಿಯ ಮಕ್ಕಳು ಯಾವ ಜಾತಿ, ಯಾವ ಬಣ್ಣದ ದಂಪತಿಗೂ ಹುಟ್ಟಬಹುದು.

ಎರಡನೆಯ ಆಧಾರ ಭಾವಚಿತ್ರ. ಕಾಣೆಯಾದ ಮಗುವಿನ ಪ್ರಕಟಣೆಯಲ್ಲಿರುವ ಚಿತ್ರ ಬಹುಮಟ್ಟಿಗೆ ಹಳೆಯದು, ಹಬ್ಬದ ಬಟ್ಟೆಯಲ್ಲಿ ತೆಗೆದದ್ದು. ಎರಡು ಮೂರು ವರ್ಷದ ಮಗುವಿನ ಮುಖ ಆರು ತಿಂಗಳಲ್ಲಿ ಬದಲಾಗುತ್ತದೆ. ಜವಳ ತೆಗೆಸಿದ ಮೇಲೆ ಹೆಣ್ಣುಮಗುವೋ ಗಂಡುಮಗುವೋ ಎಂದು ಹೇಳುವುದೂ ಕಷ್ಟ. ಇಂಥ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ಎದುರಿಗಿರುವ ಮಗುವಿಗೆ ಹೋಲಿಸುವಾಗ, ಹೋಲಿಕೆ ಹುಡುಕುವವನ ಕಣ್ಣಿಗೆ ಹೋಲಿಕೆ ಸಿಕ್ಕೇ ಸಿಗುತ್ತದೆ.

ಮೂರನೆಯದು ಮಗುವಿನ ನಡವಳಿಕೆ. ಸುತ್ತ ಜನ ಸೇರಿ 'ನಿಮ್ಮವ್ವ ಯಾರು, ನಿನ್ನ ಹೆಸರೇನು' ಎಂದು ಒಬ್ಬರ ಮೇಲೊಬ್ಬರು ಕೇಳಿದರೆ ಮೂರು ವರ್ಷದ ಮಗು ಅಳುತ್ತದೆ ಇಲ್ಲವೇ ಸುಮ್ಮನಾಗುತ್ತದೆ. ಅತ್ತರೆ ತಾಯಿಯಲ್ಲದವಳ ಬಳಿ ಇರುವುದರಿಂದ ಅಳುತ್ತಿದೆಯೆನ್ನುತ್ತಾರೆ. ಸುಮ್ಮನಾದರೆ ಮತ್ತು ಬರಿಸಿದ್ದಾರೆ ಎನ್ನುತ್ತಾರೆ. ಪ್ರಶ್ನೆಯ ಭಾಷೆ ಮಗುವಿಗೆ ಬಾರದಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಕಲಬುರಗಿ ಜಿಲ್ಲೆಯ ಸೇಡಂ–ಚಿಂಚೋಳಿ ಭಾಗದ ಸನ್ನಿವೇಶ

ಇಂಥ ತಪ್ಪಿಗೆ ಅವಕಾಶ ಹೆಚ್ಚಾಗಿರುವುದು ಜನ ಕುಟುಂಬಸಮೇತ ಓಡಾಡುವ, ಹಲವು ಭಾಷೆಗಳು ಕಲೆಯುವ ಪ್ರದೇಶಗಳಲ್ಲಿ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗ ಇದಕ್ಕೆ ಒಳ್ಳೆಯ ಉದಾಹರಣೆ. ಸೊಲ್ಲಾಪುರ–ರಾಯಚೂರು ರೈಲುಮಾರ್ಗವೂ ಸಿಕಂದರಾಬಾದಿನಿಂದ ತಾಂಡೂರು, ಸೇಡಂ, ಚಿತ್ತಾಪುರಗಳ ಮೂಲಕ ಬರುವ ಮಾರ್ಗವೂ ವಾಡಿ ಜಂಕ್ಷನ್ನಿನಲ್ಲಿ ಕೂಡುತ್ತವೆ. ಈ ಎರಡನೆಯ ಮಾರ್ಗ ನಿಜಾಮರ ಕಾಲದ್ದು, 1874ರಲ್ಲಿ ಆರಂಭವಾಯಿತು. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗುವವರೂ ಬರುವವರೂ ರಾತ್ರಿ ರೈಲಿಗಾಗಿ ಇಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಕಾಯುವುದು ನಿತ್ಯದ ದೃಶ್ಯ.

ಶಹಾಬಾದಿನ ಕಲ್ಲುಗಣಿಗಳಿಗೆ, ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಿಗೆ ಹೊರರಾಜ್ಯಗಳ ಕಾರ್ಮಿಕರು ಬರುತ್ತಾರೆ. ಅತ್ತ ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಬಂಜಾರ ಹಾಗೂ ಇತರ ಕುಟುಂಬಗಳು ಕೆಲಸಕ್ಕಾಗಿ ದೊಡ್ಡ ನಗರಗಳಿಗೆ ಗುಳೆ ಹೋಗುತ್ತವೆ. ಪುಣೆಯ ಕಟ್ಟಡದ ಬದಿಯ ತಗಡಿನ ಮನೆಯಲ್ಲಿ ಬೆಳೆದ ಮಗು ಹಿಂದಿ, ಮರಾಠಿ ಮಾತನಾಡುತ್ತದೆ. ಅದರ ತಂದೆತಾಯಿ ಮನೆಯಲ್ಲಿ ಲಂಬಾಣಿಯನ್ನೋ ತೆಲುಗನ್ನೋ ದಖನಿಯನ್ನೋ ಆಡುತ್ತಾರೆ. ಮಗುವಿನ ಮಾತಿಗೂ ತಾಯಿಯ ಮಾತಿಗೂ ಹೊಂದಿಕೆಯಿಲ್ಲವೆಂಬುದು ಅಪರಿಚಿತರಿಗೆ ಸಂಶಯದ ಕಾರಣವಾಗುತ್ತದೆ. ಈ ಭಾಗವನ್ನು ಬಲ್ಲವರಿಗೆ ಅದು ಗುಳೆಯ ಕಥೆ ಮಾತ್ರ. ಬುಡಗ ಜಂಗಮ, ಸಿಂದೋಳು, ಹೆಳವ, ದೊಂಬ ಮೊದಲಾದ ಅಲೆಮಾರಿ ಸಮುದಾಯದವರು ಮಕ್ಕಳನ್ನು ಜೊತೆಗಿಟ್ಟುಕೊಂಡೇ ಊರೂರು ತಿರುಗುವುದು ತಲೆತಲಾಂತರದ ಪದ್ಧತಿ.

ಬಂಜಾರ ಕುಟುಂಬಗಳ ಮೇಲಿನ ಸಂಶಯಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. 1999 ಮತ್ತು 2001ರಲ್ಲಿ, ಆಗಿನ ಆಂಧ್ರಪ್ರದೇಶದಲ್ಲಿ ಲಂಬಾಣಿ ತಾಂಡಾಗಳ ಹೆಣ್ಣುಶಿಶುಗಳನ್ನು ಬಡ ತಂದೆತಾಯಿಗಳಿಂದ ಅಲ್ಪ ಹಣಕ್ಕೆ ಪಡೆದು ದತ್ತುಸಂಸ್ಥೆಗಳ ಮೂಲಕ ಹೊರದೇಶಗಳಿಗೆ ಕಳುಹಿಸುತ್ತಿದ್ದುದು ಬಯಲಾಯಿತು. ಆ ಹಗರಣದಲ್ಲಿ ಶಿಶುಗಳನ್ನು ಕಳೆದುಕೊಂಡವರು ಲಂಬಾಣಿಗಳು. ಆದರೂ ಶಿಶುವನ್ನೆತ್ತಿಕೊಂಡ ಲಂಬಾಣಿ ಹೆಂಗಸನ್ನು 'ಮಗುವನ್ನು ಮಾರಲು ಹೊರಟವಳು' ಎಂದು ನೋಡುವ ದೃಷ್ಟಿ ಮಾತ್ರ ಉಳಿದುಕೊಂಡಿತು.

ವದಂತಿ ಮತ್ತು ಗುಂಪುಹಿಂಸೆ

2018ರ ಬೇಸಿಗೆಯಿಂದ ಮಳೆಗಾಲದವರೆಗೆ ಭಾರತದ ಹಲವು ರಾಜ್ಯಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್ಆ್ಯಪ್ ಮೂಲಕ ಹಬ್ಬಿತು. ಆಗ ಹೆಚ್ಚು ಹರಿದಾಡಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು ಕಾಣುತ್ತದೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲು ನಟಿಸಿ ತಯಾರಿಸಿದ ಚಿತ್ರ. ಮಗುವನ್ನು ಮರಳಿ ತಂದು ಬಿಡುವ, ಸಂದೇಶದ ಫಲಕ ತೋರಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಲಾಗಿತ್ತು.

ಕರ್ನಾಟಕದಲ್ಲಿ ಆ ವರ್ಷ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಕಟ್ಟಿ ಹೊಡೆದು ಕೊಲ್ಲಲಾಯಿತು. ಜುಲೈ 13ರಂದು ಬೀದರ ಜಿಲ್ಲೆಯ ಆಗಿನ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ನಡೆದ ಘಟನೆ ಚಿಂಚೋಳಿ ಭಾಗಕ್ಕೆ ಹೆಚ್ಚು ಹತ್ತಿರದ್ದು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಸ್ನೇಹಿತರು ದಾರಿಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರಲ್ಲೊಬ್ಬರು ಕತಾರ್ ದೇಶದವರು. ಮಕ್ಕಳ ಕಳ್ಳರೆಂಬ ಸಂದೇಶ ಮೊಬೈಲುಗಳಲ್ಲಿ ಅವರಿಗಿಂತ ಮೊದಲೇ ಮುರ್ಕಿ ತಲುಪಿತ್ತು. ಅಲ್ಲಿ ದಾರಿ ಅಡ್ಡಗಟ್ಟಿದ ಗುಂಪು ಸಾಫ್ಟ್‌ವೇರ್ ಎಂಜಿನಿಯರರೊಬ್ಬರನ್ನು ಕೊಂದಿತು. ಉಳಿದವರು ತೀವ್ರವಾಗಿ ಗಾಯಗೊಂಡರು. ತಡೆಯಲು ಹೋದ ಪೊಲೀಸರಿಗೂ ಪೆಟ್ಟಾಯಿತು. ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ ಸೇರಿದಂತೆ ಮೂವತ್ತರಷ್ಟು ಜನರನ್ನು ಬಂಧಿಸಲಾಯಿತು.

ಅದಕ್ಕೆ ಎರಡು ವಾರ ಮುಂಚೆ, ಜುಲೈ 1ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಸಂತೆಗೆ ಬಂದಿದ್ದ ನಾಥಪಂಥಿ ಡವರಿ ಗೋಸಾವಿ ಸಮುದಾಯದ ಐವರನ್ನು ಕೊಲ್ಲಲಾಯಿತು. ಕಾರಣ, ಅವರಲ್ಲೊಬ್ಬ ಹುಡುಗಿಯೊಬ್ಬಳನ್ನು ಮಾತನಾಡಿಸಲು ಹೋದದ್ದು. ಭಿಕ್ಷಾಟನೆಯಿಂದ ಬದುಕುವ ಈ ಸಮುದಾಯದ ಅನೇಕ ಕುಟುಂಬಗಳು ನಮ್ಮ ವಿಜಯಪುರಕ್ಕೆ ಹೊಂದಿಕೊಂಡ ಮಂಗಳವೇಢಾ ಭಾಗದವು. 2022ರ ಸೆಪ್ಟೆಂಬರಿನಲ್ಲಿ ಕನ್ನಡ ಮಾತನಾಡುವವರು ಹೆಚ್ಚಾಗಿರುವ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರಪ್ರದೇಶದ ನಾಲ್ವರು ಸಾಧುಗಳಿಗೆ ಥಳಿಸಲಾಯಿತು. ಅವರು ಮಾಡಿದ್ದು ಹುಡುಗನೊಬ್ಬನನ್ನು ದಾರಿ ಕೇಳಿದ್ದು.

ತಮ್ಮದೇ ಮಗುವಿನೊಂದಿಗೆ ಇದ್ದವರ ಮೇಲೂ ಕೈಯೆತ್ತಿದ್ದುಂಟು. 2019ರ ಆಗಸ್ಟಿನಲ್ಲಿ ಉತ್ತರಪ್ರದೇಶದಲ್ಲಿ ಇದೇ ವದಂತಿ ಮತ್ತೆ ಎದ್ದಾಗ, ಗಾಜಿಯಾಬಾದ್ ಜಿಲ್ಲೆಯ ಲೋನಿಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಪೇಟೆಗೆ ಹೋಗಿದ್ದ ಅಜ್ಜಿಯನ್ನು ಮಕ್ಕಳ ಕಳ್ಳಿಯೆಂದು ಗುಂಪು ಹೊಡೆಯಿತು. ಅಜ್ಜಿ, ಸೋದರಮಾವ, ಚಿಕ್ಕಪ್ಪಂದಿರೊಂದಿಗೆ ಮಕ್ಕಳು ಊರಿಂದೂರಿಗೆ ಹೋಗುವುದು ನಮ್ಮ ಕುಟುಂಬಪದ್ಧತಿಯಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ನೆನೆದರೆ ಈ ಸಂಶಯದ ವ್ಯಾಪ್ತಿ ತಿಳಿಯುತ್ತದೆ.

ಮುರ್ಕಿಯ ಘಟನೆಯಾದ ನಾಲ್ಕು ದಿನಕ್ಕೆ, 2018ರ ಜುಲೈ 17ರಂದು, ಸುಪ್ರೀಂ ಕೋರ್ಟ್ ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಗುಂಪುಹತ್ಯೆಗಳನ್ನು ತಡೆಯಲು ಪ್ರತಿ ಜಿಲ್ಲೆಗೂ ಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿಯನ್ನು ನೇಮಿಸುವಂತೆ ಆದೇಶಿಸಿತು. ಅದೇ ತಿಂಗಳಿನಲ್ಲಿ ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಮುಂದೂಡದಂತೆ ಮಿತಿ ಹೇರುವುದಾಗಿ ಪ್ರಕಟಿಸಿತು.

ಹೊರದೇಶಗಳ ಪ್ರಕರಣಗಳು

ಈ ತಪ್ಪು ಅನಕ್ಷರಸ್ಥರ ಗುಂಪು ಮಾಡುವಂಥದ್ದು ಎಂಬ ಭಾವನೆ ಸರಿಯಲ್ಲ. ನ್ಯಾಯಾಲಯವೂ ಪೊಲೀಸ್ ಇಲಾಖೆಯೂ ಇದನ್ನು ಮಾಡಿವೆ.

ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ 1912ರ ಆಗಸ್ಟ್ 23ರಂದು ಬಾಬಿ ಡನ್ಬರ್ ಎಂಬ ನಾಲ್ಕು ವರ್ಷದ ಬಾಲಕ ಸರೋವರವೊಂದರ ಬಳಿ ಕಾಣೆಯಾದ. ಎಂಟು ತಿಂಗಳ ನಂತರ ಮಿಸಿಸಿಪಿ ರಾಜ್ಯದಲ್ಲಿ ವಿಲಿಯಂ ವಾಲ್ಟರ್ಸ್ ಎಂಬ ಊರೂರು ತಿರುಗುವ ಕಸುಬಿನವನ ಜೊತೆ ಅದೇ ವಯಸ್ಸಿನ ಬಾಲಕ ಸಿಕ್ಕಿದ. ಡನ್ಬರ್ ದಂಪತಿ ಅವನನ್ನು ತಮ್ಮ ಮಗನೆಂದರು. ಜೂಲಿಯಾ ಆ್ಯಂಡರ್ಸನ್ ಎಂಬ ಬಡ ಕೂಲಿ ಹೆಂಗಸು ಬಂದು, ಆ ಹುಡುಗ ತನ್ನ ಮಗ ಬ್ರೂಸ್, ವಾಲ್ಟರ್ಸನ ಜೊತೆ ಕೆಲದಿನಕ್ಕೆಂದು ಕಳುಹಿಸಿದ್ದೆ ಎಂದಳು. ಹಲವು ಹುಡುಗರ ನಡುವೆ ಅವನನ್ನು ನಿಲ್ಲಿಸಿ ಗುರುತಿಸಲು ಹೇಳಿದಾಗ ಅವಳು ಮೊದಲು ಖಚಿತವಾಗಿ ಹೇಳಲಿಲ್ಲ. ಇದು ಅವಳಿಗೆ ಮುಳುವಾಯಿತು. ಡನ್ಬರ್ ದಂಪತಿಯೂ ಮೊದಲ ನೋಟಕ್ಕೆ ಅಷ್ಟೇನೂ ಖಚಿತವಾಗಿರಲಿಲ್ಲವೆಂಬ ವರದಿಗಳಿದ್ದವು. ಅದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಜೂಲಿಯಾ ಮದುವೆಯಿಲ್ಲದೆ ತಾಯಿಯಾದವಳೆಂಬುದನ್ನು ಪತ್ರಿಕೆಗಳು ಎತ್ತಿ ಆಡಿದವು. ಮಗು ಡನ್ಬರ್ ಮನೆ ಸೇರಿತು. ವಾಲ್ಟರ್ಸ್‌ಗೆ ಅಪಹರಣದ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಮರುವಿಚಾರಣೆಗೆ ಆದೇಶವಾದರೂ ಸರ್ಕಾರ ಅದನ್ನು ನಡೆಸದೆ ಅವನನ್ನು ಬಿಟ್ಟಿತು. ಬಾಲಕ ಬಾಬಿ ಡನ್ಬರ್ ಆಗಿಯೇ ಬೆಳೆದು, ಮದುವೆಯಾಗಿ, ಮಕ್ಕಳನ್ನು ಪಡೆದು 1966ರಲ್ಲಿ ತೀರಿಕೊಂಡ. 2004ರಲ್ಲಿ ಅವನ ಮಗನ ಡಿಎನ್ಎಯನ್ನು ಡನ್ಬರ್ ವಂಶದವರ ಡಿಎನ್ಎಯೊಂದಿಗೆ ಹೋಲಿಸಿದಾಗ ರಕ್ತಸಂಬಂಧವಿಲ್ಲವೆಂದು ತಿಳಿಯಿತು. ಜೂಲಿಯಾ ಬಹಳ ಹಿಂದೆಯೇ ಕಾಲವಾಗಿದ್ದಳು.

ನೂರು ವರ್ಷದ ನಂತರ ಯುರೋಪಿನಲ್ಲಿ ಇದರ ಇನ್ನೊಂದು ರೂಪ ಕಂಡಿತು. 2013ರ ಅಕ್ಟೋಬರಿನಲ್ಲಿ ಗ್ರೀಸ್ ದೇಶದ ಫಾರ್ಸಾಲಾದಲ್ಲಿ ರೋಮಾ ಎಂಬ ಅಲೆಮಾರಿ ಮೂಲದ ಸಮುದಾಯದ ದಂಪತಿಯ ಬಳಿ ಹೊಂಗೂದಲ ಹುಡುಗಿ ಸಿಕ್ಕಳು. ಅವಳು ಅವರ ಹೆತ್ತ ಮಗಳಲ್ಲವೆಂದು ಪರೀಕ್ಷೆ ಹೇಳಿತು. ಕದ್ದ ಮಗುವೆಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅವಳ ಹೆತ್ತ ತಾಯಿ ಬಲ್ಗೇರಿಯದ ಬಡ ರೋಮಾ ಹೆಂಗಸೆಂದು ಕೆಲವೇ ದಿನಗಳಲ್ಲಿ ಡಿಎನ್ಎ ಪರೀಕ್ಷೆಯಿಂದ ತಿಳಿಯಿತು. ಸಾಕಲಾಗದೆ ಮಗುವನ್ನು ಬಿಟ್ಟುಬಂದೆನೆಂದು ಅವಳು ಹೇಳಿದಳು.

ಆ ಸುದ್ದಿಯ ಕಾವು ಆರುವ ಮೊದಲೇ ಐರ್ಲೆಂಡಿನ ಪೊಲೀಸರು ಎರಡು ರೋಮಾ ಕುಟುಂಬಗಳಿಂದ ಮಕ್ಕಳನ್ನು ತೆಗೆದುಕೊಂಡರು. ಒಬ್ಬಳು ಡಬ್ಲಿನ್ ಬಳಿಯ ಟಾಲಾದ ಏಳು ವರ್ಷದ ಹುಡುಗಿ, ಇನ್ನೊಬ್ಬ ಆ್ಯಥ್ಲೋನಿನ ಎರಡು ವರ್ಷದ ಬಾಲಕ. ಇಬ್ಬರದೂ ಹೊಂಗೂದಲು, ನೀಲಿ ಕಣ್ಣು. ಬಾಲಕನನ್ನು ಮರುದಿನ ಹಿಂದಿರುಗಿಸಿದರು. ಹುಡುಗಿ ತಂದೆತಾಯಿಗಳ ಮಗಳೇ ಎಂದು ಡಿಎನ್ಎ ಪರೀಕ್ಷೆ ಹೇಳಿದ ಮೇಲೆ ಎರಡು ದಿನಕ್ಕೆ ಮನೆಗೆ ಬಂದಳು. ಮಕ್ಕಳ ಹಕ್ಕುಗಳ ಒಂಬುಡ್ಸ್‌ಮನ್ ಆಗಿದ್ದ ಎಮಿಲಿ ಲೋಗನ್ ನಡೆಸಿದ ವಿಚಾರಣೆಯ ವರದಿ 2014ರ ಜುಲೈಯಲ್ಲಿ ಪ್ರಕಟವಾಯಿತು. ಹುಡುಗಿಯ ಪ್ರಕರಣದಲ್ಲಿ ಕುಟುಂಬದ ಜನಾಂಗವೇ ಪೊಲೀಸರ ನಿರ್ಧಾರವನ್ನು ಪ್ರಭಾವಿಸಿತೆಂದು ವರದಿ ಹೇಳಿತು. ಸರ್ಕಾರ ಎರಡೂ ಕುಟುಂಬಗಳ ಕ್ಷಮೆ ಕೋರಿತು. ನಮ್ಮಲ್ಲಿ ಇಂಥ ಪ್ರಕರಣ ನಡೆದಾಗ ಯಾವ ಇಲಾಖೆಯೂ ಹೀಗೆ ವರದಿ ಬರೆಸುವುದಾಗಲಿ ಕ್ಷಮೆ ಕೇಳುವುದಾಗಲಿ ವಿರಳವೆಂಬುದನ್ನು ಇಲ್ಲಿ ಹೇಳಲೇಬೇಕು.

ಭಯಕ್ಕೆ ಇರುವ ಆಧಾರ

ಮಕ್ಕಳ ಕಳವು ನಡೆಯುವುದೇ ಇಲ್ಲವೆಂದಲ್ಲ. 2024ರ ನವೆಂಬರಿನಲ್ಲಿ ಕಲಬುರಗಿಯ ಜಿಲ್ಲಾ ಆಸ್ಪತ್ರೆಯಿಂದಲೇ ನರ್ಸುಗಳ ವೇಷದಲ್ಲಿ ಬಂದ ಹೆಂಗಸರು ಆಗತಾನೆ ಹುಟ್ಟಿದ ಶಿಶುವನ್ನು ಒಯ್ದರು. ಪೊಲೀಸರು ಎರಡು ದಿನದೊಳಗೆ ಶಿಶುವನ್ನು ಪತ್ತೆಮಾಡಿ ತಾಯಿಯ ಮಡಿಲಿಗೆ ಒಪ್ಪಿಸಿದರು. 2020ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಆಸ್ಪತ್ರೆಯಿಂದ ಕಳವಾದ ಶಿಶು ಪತ್ತೆಯಾದದ್ದು ಒಂದು ವರ್ಷದ ಮೇಲೆ, ಉತ್ತರ ಕರ್ನಾಟಕದ ದಂಪತಿಯ ಮನೆಯಲ್ಲಿ. ಬಾಡಿಗೆ ತಾಯಿಯ ಮೂಲಕ ಹುಟ್ಟಿದ ನಿಮ್ಮದೇ ಮಗುವೆಂದು ವೈದ್ಯೆಯೊಬ್ಬಳು ಅವರನ್ನು ನಂಬಿಸಿದ್ದಳು. ಡಿಎನ್ಎ ಪರೀಕ್ಷೆಯ ನಂತರ ಮಗು ಹೆತ್ತವರನ್ನು ಸೇರಿತು.

ಈ ಎರಡೂ ಪ್ರಕರಣಗಳಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕದ್ದವರು ಚಿಂದಿ ಬಟ್ಟೆಯವರಾಗಿರಲಿಲ್ಲ. ಆಸ್ಪತ್ರೆಯ ಒಳಗೆ ಸಲೀಸಾಗಿ ಓಡಾಡುವಂತೆ ಕಾಣುತ್ತಿದ್ದರು. ಪೊಲೀಸರಿಗೆ ನೆರವಾದದ್ದು ಸಿಸಿಟಿವಿ ದೃಶ್ಯ, ಫೋನ್ ಕರೆಗಳ ವಿವರ ಮತ್ತು ಸಮಾಧಾನದ ತನಿಖೆ.

ಕಾನೂನಿನ ಕ್ರಮ

ಸಂಶಯ ಬಂದ ನಾಗರಿಕನು ಮಾಡಬೇಕಾದದ್ದು ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತುಸೇವೆ 112ಕ್ಕೆ ಕರೆ ಮಾಡುವುದು. 1996ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ 1098 ಸೇವೆಯನ್ನು 2023ರಿಂದ 112ರೊಂದಿಗೆ ಜೋಡಿಸಿ ರಾಜ್ಯ ಸರ್ಕಾರಗಳ ಮೂಲಕ ನಡೆಸಲಾಗುತ್ತಿದೆ. ರೈಲು ನಿಲ್ದಾಣಗಳಲ್ಲಿ ರೈಲ್ವೆ ಪೊಲೀಸರಿಗೂ ರೈಲ್ವೆ ಸುರಕ್ಷತಾ ದಳದವರಿಗೂ ತಿಳಿಸಬಹುದು. ಮಗುವನ್ನು ತಾಯಿಯ ಕೈಯಿಂದ ಕಿತ್ತುಕೊಳ್ಳುವ, ದಂಪತಿಯನ್ನು ಕೂಡಿಹಾಕುವ ಅಧಿಕಾರ ಸಾರ್ವಜನಿಕರಿಗಿಲ್ಲ.

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕಾರ ಪ್ರತಿ ಪೊಲೀಸ್ ಠಾಣೆಯಲ್ಲಿ ಸಹಾಯಕ ಸಬ್‌ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ರಕ್ಷಣೆಯ ಅಗತ್ಯವಿದೆಯೆಂದು ಕಂಡ ಮಗುವನ್ನು ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಸಮಿತಿ ಸಾಮಾಜಿಕ ತನಿಖೆಗೆ ಆದೇಶಿಸುತ್ತದೆ. ಅದು 15 ದಿನಗಳಲ್ಲಿ ಮುಗಿಯಬೇಕು. ಅಂತಿಮ ಆದೇಶಕ್ಕೆ ನಾಲ್ಕು ತಿಂಗಳ ಗಡುವಿದೆ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಮಗುವನ್ನು ಕುಟುಂಬಕ್ಕೆ ಮರಳಿಸುವುದೇ ಈ ವ್ಯವಸ್ಥೆಯ ಮೊದಲ ಗುರಿ, ಬಾಲಮಂದಿರ ಕೊನೆಯ ಉಪಾಯ ಎಂದು ಕಾಯ್ದೆ ಹೇಳುತ್ತದೆ. ಆದರೆ ನಾಲ್ಕು ತಿಂಗಳೆಂಬುದು ಕಾಗದದ ಮೇಲೆ ಚಿಕ್ಕ ಅವಧಿ. ಎರಡು ವರ್ಷದ ಮಗುವಿಗೆ ತಾಯಿಯ ಮಾತನ್ನು ಮರೆಯಲು ಅಷ್ಟು ಸಾಕು. ದಿನಗೂಲಿಯ ತಂದೆಗೆ ತಾಲ್ಲೂಕಿನಿಂದ ಕಲಬುರಗಿಗೆ ಒಂದು ಓಡಾಟವೆಂದರೆ ಒಂದು ದಿನದ ಕೂಲಿ ಹೋಯಿತು. ಆದುದರಿಂದ ದಾಖಲೆ ಸಿಕ್ಕ ಕೂಡಲೇ ಮಗುವನ್ನು ಒಪ್ಪಿಸುವ ಸಮಿತಿಯೇ ಒಳ್ಳೆಯ ಸಮಿತಿ.

ಭಿಕ್ಷೆಗಾಗಿ ಮಗುವನ್ನು ಬಳಸುವುದು ಇದೇ ಕಾಯ್ದೆಯಡಿ ಐದು ವರ್ಷದವರೆಗೆ ಶಿಕ್ಷೆಗೆ ಅರ್ಹವಾದ ಅಪರಾಧ. ಮಗು ತನ್ನದಲ್ಲವೆಂಬ ಆರೋಪವೇ ಬೇರೆ, ಮಗುವಿನಿಂದ ಭಿಕ್ಷೆ ಬೇಡಿಸಿದಳೆಂಬ ಆರೋಪವೇ ಬೇರೆ. ಠಾಣೆಗಳಲ್ಲಿ ಇವೆರಡನ್ನು ಬೆರೆಸಿದರೆ ಮೊದಲನೆಯದು ಸುಳ್ಳೆಂದು ತಿಳಿದ ಮೇಲೂ ಮಗು ಹಿಂದಿರುಗುವುದು ತಡವಾಗುತ್ತದೆ.

ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಸಾಗಾಟವೆಂದೇ ಭಾವಿಸಿ ಪ್ರಥಮ ವರ್ತಮಾನ ವರದಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ 10ರಂದು ಬಚ್‌ಪನ್ ಬಚಾವೊ ಆಂದೋಲನ ಪ್ರಕರಣದಲ್ಲಿ ಆದೇಶಿಸಿದೆ. ದೂರುಗಳೆಲ್ಲ ದಾಖಲಾಗಿದ್ದರೆ ತಪ್ಪು ಗುರುತಿಸುವಿಕೆಯನ್ನು ಬಿಡಿಸುವುದೂ ಸುಲಭ. ಈ ವಯಸ್ಸಿನ, ಈ ಗುರುತಿನ ಮಗು ಎಲ್ಲಿಯೂ ಕಾಣೆಯಾಗಿಲ್ಲವೆಂಬುದು ತಾಯಿಯ ಪರವಾದ ಸಾಕ್ಷ್ಯ.

ದಾಖಲೆಗಳು ಮತ್ತು ಡಿಎನ್ಎ ಪರೀಕ್ಷೆ

ಜನನ ಪ್ರಮಾಣಪತ್ರ ಮೊದಲ ದಾಖಲೆ. 1969ರ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿಯೇ ಹೊರತು ತಂದೆತಾಯಿಯ ಊರಿನಲ್ಲಿ ಅಲ್ಲ. ಗುಳೆ ಹೋದಲ್ಲಿ ಹೆರಿಗೆಯಾದ ಕುಟುಂಬಗಳಿಗೆ ತೊಡಕಾಗುವುದು ಇಲ್ಲಿಯೇ. ಪುಣೆಯಲ್ಲಿ ಹುಟ್ಟಿದ ಮಗುವಿನ ಪತ್ರವನ್ನು ಚಿಂಚೋಳಿಯಲ್ಲಿ ಕೇಳಿದರೆ ಸಿಗುವುದಿಲ್ಲ.

ಪ್ರಮಾಣಪತ್ರ ಇಲ್ಲದಾಗ ನೆರವಾಗುವ ಬೇರೆ ದಾಖಲೆಗಳೂ ಇವೆ. ಗರ್ಭಿಣಿಯಾದಾಗ ಕರ್ನಾಟಕದ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡಿನಲ್ಲಿ ತಪಾಸಣೆ, ಹೆರಿಗೆ, ಲಸಿಕೆಗಳ ವಿವರ ಇರುತ್ತದೆ. ಅಂಗನವಾಡಿಯ ದಾಖಲೆಯಲ್ಲಿ ಮಗುವಿನ ಹೆಸರಿರುತ್ತದೆ. ಪಡಿತರ ಚೀಟಿಯಲ್ಲಿ ಸೇರಿಸಿದ್ದರೆ ಅದೂ ಆಗುತ್ತದೆ. ಐದು ವರ್ಷದೊಳಗಿನ ಮಕ್ಕಳ ನೀಲಿ ಬಣ್ಣದ ಬಾಲ ಆಧಾರ್ ಕಾರ್ಡಿಗೆ ಬೆರಳಚ್ಚು ಪಡೆಯುವುದಿಲ್ಲವಾದರೂ ಅದು ತಂದೆ ಅಥವಾ ತಾಯಿಯ ಆಧಾರ್‌ಗೆ ಜೋಡಣೆಯಾಗಿರುತ್ತದೆ. ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಪಂಚಾಯಿತಿ ಸದಸ್ಯ, ತಾಂಡಾದ ನಾಯಕ್ ಇವರಲ್ಲೊಬ್ಬರಿಗೆ ಠಾಣೆಯಿಂದ ಮಾಡುವ ಒಂದು ಫೋನ್ ಕರೆ ಎಷ್ಟೋ ಸಲ ಎಲ್ಲ ಕಾಗದಗಳಿಗಿಂತ ಬೇಗ ವಿಷಯವನ್ನು ತೀರ್ಮಾನಿಸಬಲ್ಲದು.

ಇವುಗಳಿಂದ ಸಂಶಯ ತೀರದಿದ್ದರೆ ಡಿಎನ್ಎ ಪರೀಕ್ಷೆ. ಮಗುವಿನ ಡಿಎನ್ಎಯಲ್ಲಿ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದಿರುತ್ತದೆ. ಕೆನ್ನೆಯ ಒಳಭಾಗದಿಂದ ಒರೆಸಿ ತೆಗೆದ ಅಥವಾ ರಕ್ತದ ಮಾದರಿಯಲ್ಲಿ ನಿರ್ದಿಷ್ಟ ಸ್ಥಾನಗಳನ್ನು ಹೋಲಿಸಿ ಸಂಬಂಧವನ್ನು ಹೇಳುತ್ತಾರೆ. ಪರೀಕ್ಷೆ ಹೇಳುವುದು ರಕ್ತಸಂಬಂಧವನ್ನು ಮಾತ್ರ. ಅಕ್ಕ ತೀರಿಕೊಂಡ ಮೇಲೆ ಅವಳ ಮಗುವನ್ನು ಸಾಕಿದ ತಂಗಿ, ಮಲತಾಯಿ, ಅನಾಥ ಮೊಮ್ಮಗುವನ್ನು ಬೆಳೆಸಿದ ಅಜ್ಜಿ ಇವರೆಲ್ಲ ಪರೀಕ್ಷೆಯಲ್ಲಿ 'ತಾಯಿಯಲ್ಲ' ಎಂದೇ ಬರುತ್ತಾರೆ. ಅವರಾರೂ ಕಳ್ಳರಲ್ಲ.

ಗುರುತಿನ ಗೋಪ್ಯತೆ

ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಪ್ರಕಾರ ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಅಥವಾ ಗುರುತು ಸಿಗುವಂಥ ಯಾವ ವಿವರವನ್ನೂ ಮಾಧ್ಯಮಗಳಲ್ಲಿ ಪ್ರಕಟಿಸಬಾರದು. ಉಲ್ಲಂಘನೆಗೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 'ಈ ಮಗುವಿನ ತಂದೆತಾಯಿ ಯಾರೆಂದು ಪತ್ತೆಯಾಗುವವರೆಗೆ ಹಂಚಿರಿ' ಎಂಬ ಬರಹದೊಂದಿಗೆ ಭಿಕ್ಷುಕಿಯ ಮಡಿಲಲ್ಲಿರುವ ಮಗುವಿನ ಚಿತ್ರ ಹಂಚುವವರಿಗೆ ಈ ಕಲಂ ತಿಳಿದಿರುವುದು ಅಪರೂಪ. ತಾಯಿ ಅವಳೇ ಎಂದು ಠಾಣೆಯಲ್ಲಿ ತೀರ್ಮಾನವಾದ ಮೇಲೂ ಆ ಚಿತ್ರ ತಿಂಗಳುಗಟ್ಟಲೆ ತಿರುಗುತ್ತಿರುತ್ತದೆ. ಅವಳು ಮುಂದಿನ ಊರಿಗೆ ಹೋಗುವಷ್ಟರಲ್ಲಿ ಚಿತ್ರ ಅಲ್ಲಿಗೆ ಹೋಗಿರುತ್ತದೆ.